ಶಿಬಿರದಲ್ಲಿ 70 ಅಂಕ ಬಂತು, 'ಹೈ ರಿಸ್ಕ್' ಅಂತೆ. ಈ ಚೀಟಿ ಇಟ್ಟುಕೊಂಡು ಏನು ಮಾಡಲಿ?

ತೋಟದಂಚು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 47. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ ನಮ್ಮೂರು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ಎಕರೆ ಅಡಿಕೆ ತೋಟ ಇದೆ. ತೋಟ ಇದೆ ಅಂದ ಮಾತ್ರಕ್ಕೆ ಮೈ ಬಗ್ಗಿಸಿ ಕೆಲಸ ಮಾಡುವವನು ಅಂದುಕೊಳ್ಳಬೇಡಿ. ಕೊನೆ ತೆಗೆಯುವವರು ಬೇರೆ, ಔಷಧಿ ಹೊಡೆಯುವವರು ಬೇರೆ, ಸುಲಿಯುವವರು ಬೇರೆ. ನಾನು ಸಂಜೆ ಬೈಕಿನಲ್ಲಿ ಹೋಗಿ, ದಣಪೆ ಹತ್ತಿರ ನಿಂತು, ನೋಡಿ ಬರುವವನು.

ಹೋದ ವಾರ ನಮ್ಮ ಸೊಸೈಟಿ ಮಹಡಿಯಲ್ಲಿ ಆರೋಗ್ಯ ತಪಾಸಣೆ ಶಿಬಿರ ಇತ್ತು. ಸದಸ್ಯರಿಗೆಲ್ಲ ಉಚಿತ. ಜೋರು ಮಳೆ, ಆದರೂ ಜನ ತುಂಬಿದ್ದರು. ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಒಂದಾದ ಮೇಲೆ ಒಂದು ಪ್ರಶ್ನೆ ಕೇಳುತ್ತಾ ಹೋದ. ವಯಸ್ಸೆಷ್ಟು, ಅಪ್ಪ ಅಮ್ಮನಿಗೆ ಶುಗರ್ ಇತ್ತಾ, ವ್ಯಾಯಾಮ ಮಾಡ್ತೀರಾ, ತಂಬಾಕು ಉಂಟಾ, ಕುಡಿತ ಉಂಟಾ. ಒಬ್ಬಳು ಹುಡುಗಿ ಸೊಂಟಕ್ಕೆ ಟೇಪು ಸುತ್ತಿದಳು. ಪಂಚೆ ಗಂಟಿನ ಮೇಲೇ ಸುತ್ತಿದಳು, ನಾನೂ ಸಂಕೋಚದಿಂದ ಸುಮ್ಮನಿದ್ದೆ. 98 ಸೆಂಟಿಮೀಟರ್ ಅಂದಳು. ಬಿಪಿ 148/94. ಬೆರಳು ಚುಚ್ಚಿ ನೋಡಿದ ಶುಗರ್ 158. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಮೇಲೆ ಬೆಲ್ಲದ ಕಾಫಿ ಆಗಿತ್ತು, ಅದನ್ನೂ ಹೇಳಿದೆ.

ಕೊನೆಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ವಯಸ್ಸಿಗೆ 20, ಸೊಂಟಕ್ಕೆ 10, ವ್ಯಾಯಾಮ ಇಲ್ಲದ್ದಕ್ಕೆ 30, ಅಪ್ಪನ ಶುಗರ್‌ಗೆ 10, ಒಟ್ಟು 70. ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ 'ಹೈ ರಿಸ್ಕ್'. ಕೆಳಗೆ 'ಆರೋಗ್ಯಕರ ಜೀವನಶೈಲಿ ಅಳವಡಿಸಿಕೊಳ್ಳಿ' ಅಂತ ಒಂದು ಸಾಲು. ಅಷ್ಟೇ. ಆ ಸಾಲು ಹಿಡಿದುಕೊಂಡು ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ. ನನ್ನ ಹಿಂದೆ ನಲವತ್ತು ಜನ ನಿಂತಿದ್ದರು.

ನಮ್ಮ ಅಪ್ಪನಿಗೆ 58ಕ್ಕೆ ಶುಗರ್ ಗೊತ್ತಾಯಿತು. ಗೊತ್ತಾಗಿದ್ದೇ ಕಾಲಿನ ಗಾಯ ಮಾಯದೆ ಹೋದಾಗ. ಒಂದು ಬೆರಳು ತೆಗೆಸಬೇಕಾಯಿತು. ಆಮೇಲೂ ಗಮ್‌ಬೂಟ್ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದರು, ಆ ಮಾತು ಬೇರೆ. ಅದಕ್ಕೇ ಈ ಚೀಟಿ ನೋಡಿದಾಗಿನಿಂದ ರಾತ್ರಿ ನಿದ್ದೆ ಸರಿ ಬರುತ್ತಿಲ್ಲ. 70 ಅಂದರೆ ನೂರಕ್ಕೆ ಎಪ್ಪತ್ತು ಪಾಲು ನನಗೂ ಬಂದೇ ಬರುತ್ತದೆ ಅಂತಲಾ? ಗೊತ್ತಿರುವವರು ಹೇಳಿ.

ಉಪಕೇಂದ್ರದ ಸಿಸ್ಟರ್:

ಸರ್, ಹೊಸನಗರ ಕಡೆ ಉಪಕೇಂದ್ರದಲ್ಲಿ ಕೆಲಸ ಮಾಡುವವಳು ನಾನು. ಮೊದಲು ನಿದ್ದೆ ಮಾಡಿ. 70 ಅಂದರೆ ನೂರಕ್ಕೆ ಎಪ್ಪತ್ತು ಅಲ್ಲ. ಅದು ಬರೀ ಅಂಕ. ನೀವು ಬರೆದ ಲೆಕ್ಕ ನೋಡಿದರೆ ಅದು ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನವರು 2005ರಲ್ಲಿ ಪ್ರಕಟಿಸಿದ್ದು. ನಾಲ್ಕೇ ವಿಷಯ: ವಯಸ್ಸು, ಸೊಂಟ, ಓಡಾಟ, ಅಪ್ಪ ಅಮ್ಮ. 30ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಮ್ಮಿ, 60 ಮತ್ತು ಮೇಲೆ ಜಾಸ್ತಿ. 60 ಮುಟ್ಟಿದವರು ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುವುದಕ್ಕೆ ಇರುವ ಲೆಕ್ಕ ಅದು. ಊರಿನವರಿಗೆಲ್ಲ ಸೂಜಿ ಚುಚ್ಚುವ ಬದಲು ಯಾರನ್ನು ಮೊದಲು ಕರೆಯಬೇಕು ಅಂತ ಆರಿಸುವ ಜರಡಿ ಅಂದುಕೊಳ್ಳಿ.

ಈಗ ಚೀಟಿ ಮತ್ತೆ ತೆಗೆದು ನೋಡಿ. ವಯಸ್ಸಿನ 20 ನಿಮ್ಮ ಕೈಯಲ್ಲಿಲ್ಲ. 50 ತುಂಬಿದ ದಿನ ಅದು ತಾನಾಗೇ 30 ಆಗುತ್ತದೆ. ಅಪ್ಪನ 10 ಕೂಡ ಹಾಗೇ ಇರುತ್ತದೆ. ಉಳಿದ 40 ಮಾತ್ರ ನಿಮ್ಮದು. ದಿನಾ ವ್ಯಾಯಾಮ ರೂಢಿಯಾದರೆ 30 ಇದ್ದದ್ದು 20ಕ್ಕೆ ಬರುತ್ತದೆ. ಗಂಡಸರಿಗೆ ಸೊಂಟ 90ರ ಒಳಗೆ ಬಂದರೆ ಆ 10 ಪೂರ್ತಿ ಹೋಗುತ್ತದೆ. ಆಗ ಒಟ್ಟು 50.

ಸೊಂಟ ಮನೆಯಲ್ಲಿ ಇನ್ನೊಮ್ಮೆ ಅಳೆಯಿರಿ. ಪಂಚೆ ಗಂಟಿನ ಮೇಲಲ್ಲ, ಬರಿಮೈ ಮೇಲೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಬರಬೇಕು. ಉಸಿರು ಬಿಟ್ಟ ಮೇಲೆ ನೋಡಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು, ನಮ್ಮಲ್ಲಿ ಎಲ್ಲ ಗಂಡಸರೂ ಎಳೆದುಕೊಳ್ಳುತ್ತಾರೆ.

158ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೊಟ್ಟಿ, ಬೆಲ್ಲದ ಕಾಫಿ ಆದ ಮೇಲೆ ನೋಡಿದ್ದು ಅದು, ಅದರಿಂದ ಹೌದು ಅಂತಲೂ ಅಲ್ಲ ಅಂತಲೂ ಹೇಳಲು ಬರುವುದಿಲ್ಲ. ರಾತ್ರಿ ಊಟ ಆಗಿ ಎಂಟು ಗಂಟೆಯ ಮೇಲೆ, ಖಾಲಿ ಹೊಟ್ಟೆಯಲ್ಲಿ ಲ್ಯಾಬಿನಲ್ಲಿ ರಕ್ತ ಕೊಡಿ. 100ರ ಒಳಗಿದ್ದರೆ ಸರಿ, 126 ಮತ್ತು ಮೇಲಿದ್ದರೆ ಡಾಕ್ಟರು ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಜೊತೆಗೆ ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಗೊತ್ತಾಗುತ್ತದೆ. 5.7ರಿಂದ 6.4 ಅಂದರೆ ಗಡಿಯ ಮೇಲೆ, 6.5 ಮತ್ತು ಮೇಲಿದ್ದರೆ ಶುಗರ್.

ಬಿಪಿ ಕೂಡ ಒಂದು ಸಲ ನೋಡಿದ್ದು ಲೆಕ್ಕಕ್ಕಿಲ್ಲ. ಮಹಡಿ ಹತ್ತಿ, ಕಾಫಿ ಕುಡಿದು, ಗಲಾಟೆಯಲ್ಲಿ ಕೂತು ನೋಡಿಸಿಕೊಂಡಿದ್ದೀರಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ಎರಡೂ ಪಾದ ನೆಲಕ್ಕೆ ಊರಿ, ಮಾತಾಡದೆ ನೋಡಿಸಿ. ಬೇರೆ ಬೇರೆ ದಿನ ನೋಡಿಸಿದರೂ 140/90ರ ಮೇಲೇ ಇದ್ದರೆ ಡಾಕ್ಟರನ್ನು ಕಾಣಿ, ಮುಂದೆ ಹಾಕಬೇಡಿ.

ಒಂದು ಕೇಳಲಾ? ತಂಬಾಕಿನ ಪ್ರಶ್ನೆಗೆ ಏನು ಹೇಳಿದಿರಿ?

ತೋಟದಂಚು:

ಸಿಸ್ಟರ್, ಸಿಕ್ಕಿಬಿದ್ದೆ.

'ಇಲ್ಲ' ಅಂದಿದ್ದೆ. ಬೀಡಿ ಸಿಗರೇಟು ನಿಜಕ್ಕೂ ಇಲ್ಲ. ಆದರೆ ದಿನಕ್ಕೆ ಆರೇಳು ಕವಳ ಆಗುತ್ತದೆ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಉಗುರಿನಷ್ಟು ಹೊಗೆಸೊಪ್ಪು. ನಮ್ಮ ಕಡೆ ಅದನ್ನು ಯಾರೂ ತಂಬಾಕು ಅನ್ನುವುದಿಲ್ಲ ನೋಡಿ. ಮನೆಗೆ ಬಂದವರಿಗೆ ಮೊದಲು ಹರಿವಾಣ ಮುಂದಿಡುವುದೇ ಪದ್ಧತಿ. ಹುಡುಗ ಕೇಳಿದಾಗಲೂ ಬಾಯಲ್ಲಿ ಕವಳ ಇತ್ತು. ಅವನು ಮುಖ ನೋಡಿದ, ನಾನು ಕಿಟಕಿ ನೋಡಿದೆ.

ಉಪಕೇಂದ್ರದ ಸಿಸ್ಟರ್:

ಗೊತ್ತಿತ್ತು ಸರ್. ನಮ್ಮ ಆಶಾ ಅಕ್ಕಂದಿರು 30 ದಾಟಿದವರ ಮನೆಗೆ ಬಂದು ತುಂಬುವ ಫಾರ್ಮ್ ಬೇರೆ ಇದೆ, ಅದರಲ್ಲಿ 4 ದಾಟಿದರೆ ತಪಾಸಣೆಗೆ ಮೊದಲು ಕರೆಸುತ್ತೇವೆ. ಅಲ್ಲಿ ದಿನಾ ತಂಬಾಕು ಅಂದರೆ 2 ಅಂಕ ಸೇರುತ್ತದೆ. 'ತಂಬಾಕು ಉಂಟಾ' ಅಂತ ಕೇಳಿದರೆ ಊರಿಗೆ ಊರೇ ಇಲ್ಲ ಅನ್ನುತ್ತದೆ. ನಾನು ಹಾಗೆ ಕೇಳುವುದನ್ನೇ ಬಿಟ್ಟೆ. 'ದಿನಕ್ಕೆ ಎಷ್ಟು ಕವಳ, ಸೊಪ್ಪು ಹಾಕಿಯೋ ಹಾಕದೆಯೋ' ಅಂತ ಕೇಳುತ್ತೇನೆ. ಆಗ ನಿಜ ಬರುತ್ತದೆ.

ಸೊಪ್ಪು ಬಿಟ್ಟರೆ ಸಾಕು ಅಂತಲೂ ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮದೂ ಅಡಿಕೆ ಮನೆಯೇ, ಹೇಳುವಾಗ ನನಗೂ ಬಾಯಿ ಕಟ್ಟುತ್ತದೆ. ಬಾಯಿ ಪೂರ್ತಿ ತೆರೆಯಲು ಆಗುತ್ತದಾ? ಖಾರ ತಿಂದರೆ ಉರಿಯುತ್ತದಾ? ಒಳಗೆ ಬಿಳಿ ಮಚ್ಚೆ ಇದೆಯಾ? ಕನ್ನಡಿ ಮುಂದೆ ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಇದ್ದರೆ ದಂತ ವೈದ್ಯರ ಹತ್ತಿರ ಹೋಗಿ.

ಬಿಸಿಲು ಮಳೆ:

ಎಲ್ಲರೂ ಒಳ್ಳೆಯ ಮಾತೇ ಆಡುತ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಭದ್ರಾವತಿಯವನು ನಾನು. ನಮ್ಮ ಬಡಾವಣೆಯಲ್ಲೂ ಹೀಗೇ ಉಚಿತ ಶಿಬಿರ ಆಯಿತು. ಮೂರನೇ ದಿನದಿಂದ ಫೋನು ಶುರು. 'ಸರ್ ನಿಮ್ಮದು ಹೈ ರಿಸ್ಕ್, ಫುಲ್ ಬಾಡಿ ಪ್ಯಾಕೇಜ್ ಮಾಡಿಸಿ, ಇವತ್ತು ಮಾತ್ರ ಅರ್ಧ ಬೆಲೆ.' ನನ್ನ ಹೆಂಡತಿ ಹೆದರಿ ಇಬ್ಬರಿಗೂ ಮಾಡಿಸಿದಳು. ಹನ್ನೆರಡು ಪುಟದ ರಿಪೋರ್ಟು ಬಂತು. ವಿಟಮಿನ್ನು, ಥೈರಾಯ್ಡು, ಇನ್ನೂ ಏನೇನೋ. ಓದಿ ಹೇಳುವವರು ಮಾತ್ರ ಯಾರೂ ಇಲ್ಲ. ಆ ರಿಪೋರ್ಟು ಈಗ ಫ್ರಿಡ್ಜ್ ಮೇಲೆ ಇದೆ, ಅದರ ಮೇಲೆ ಕೊತ್ತಂಬರಿ ಸೊಪ್ಪು ಇಡುತ್ತೇವೆ.

ಡೆನ್ಮಾರ್ಕ್‌ನಲ್ಲಿ ದೊಡ್ಡ ಪ್ರಯೋಗವೇ ನಡೆದಿದೆ. 30ರಿಂದ 60 ವಯಸ್ಸಿನವರನ್ನು ಕರೆದು, ಹೃದಯದ ಅಪಾಯ ಲೆಕ್ಕ ಹಾಕಿ, ಐದು ವರ್ಷ ಸಲಹೆ ಕೊಟ್ಟರು. ಹತ್ತು ವರ್ಷ ಕಳೆದ ಮೇಲೆ, 2014ರಲ್ಲಿ ಫಲಿತಾಂಶ ಬಂತು. ಕರೆದವರ ಗುಂಪಿಗೂ ಕರೆಯದವರ ಗುಂಪಿಗೂ ಹೃದಯದ ಕಾಯಿಲೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಗಿರುವಾಗ ಈ ಚೀಟಿ ಯಾಕೆ ಬೇಕು ಮಾರಾಯ್ರೆ? ತಿನ್ನುವುದು ಕಮ್ಮಿ ಮಾಡಿ, ನಡೆಯಿರಿ ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು, ಟ್ಯಾಬ್ ಇಲ್ಲದೆ.

ಉಪಕೇಂದ್ರದ ಸಿಸ್ಟರ್:

ಪ್ಯಾಕೇಜಿನ ಮಾತು ಒಪ್ಪುತ್ತೇನೆ. ಅಂಕ ಕೊಟ್ಟು ಕೈಬಿಟ್ಟರೆ ಏನೂ ಆಗುವುದಿಲ್ಲ, ಭಯ ಒಂದು ಉಳಿಯುತ್ತದೆ.

ಡೆನ್ಮಾರ್ಕ್ ವಿಷಯವೂ ನಿಜ. ಆದರೆ ಅಲ್ಲಿ ಕರೆದದ್ದು ಊರಿನ ಎಲ್ಲ ಬಗೆಯ ಜನರನ್ನು. ನಮ್ಮ ದೇಶದಲ್ಲೇ ಚೆನ್ನೈನವರು ಇನ್ನೊಂದು ಮಾಡಿದ್ದಾರೆ, ಫಲಿತಾಂಶ 2006ರಲ್ಲಿ ಬಂತು. ಅವರು ಆರಿಸಿದ್ದು ರಕ್ತ ಪರೀಕ್ಷೆಯಲ್ಲಿ ಆಗಲೇ ಗಡಿ ಮೇಲೆ ಇದ್ದವರನ್ನು ಮಾತ್ರ. ಊಟ, ನಡಿಗೆ ಬದಲಾಯಿಸಿ, ಮತ್ತೆ ಮತ್ತೆ ವಿಚಾರಿಸುತ್ತಾ ಇದ್ದರು. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಶುಗರ್ ಬರುವ ಅಪಾಯ 28.5 ಶೇಕಡಾ ಕಡಿಮೆ ಆಯಿತು. ಅಮೆರಿಕದಲ್ಲಿ 2002ರಲ್ಲಿ ಬಂದ ಇಂಥದ್ದೇ ಅಧ್ಯಯನದಲ್ಲಿ 58 ಶೇಕಡಾ. ಅಲ್ಲಿಯವರ ಗುರಿ ವಾರಕ್ಕೆ 150 ನಿಮಿಷ ನಡಿಗೆ, ಮೈತೂಕದಲ್ಲಿ 7 ಶೇಕಡಾ ಇಳಿಕೆ. ಅದಕ್ಕೇ ನಾನು ಸರ್‌ಗೆ ಮೊದಲು ರಕ್ತ ಕೊಡಿ ಅಂದಿದ್ದು. ಗಡಿ ಮೇಲೆ ಇದ್ದಾರಾ ಇಲ್ಲವಾ ಅಂತ ಗೊತ್ತಾದರೆ ಮುಂದಿನ ಶ್ರಮಕ್ಕೆ ಒಂದು ಅರ್ಥ.

ಸಾಗರದ ಸೊಸೆ:

ಅಣ್ಣಾ, ಅಡುಗೆಮನೆ ಕಡೆಯಿಂದ ನಾನು ಹೇಳುತ್ತೇನೆ. ನಮ್ಮ ಮಾವನವರಿಗೆ ಮೂರು ವರ್ಷದ ಹಿಂದೆ ಹೀಗೇ ಆಯಿತು.

ಡಾಕ್ಟರು 'ಅನ್ನ ಕಮ್ಮಿ ಮಾಡಿ' ಅಂದರು. ಮಾವ 'ಮಾಡಿದ್ದೇನೆ' ಅನ್ನುತ್ತಿದ್ದರು. ಸುಳ್ಳಲ್ಲ, ಅವರಿಗೆ ಹಾಗೇ ಅನಿಸುತ್ತಿತ್ತು. ಒಂದು ದಿನ ನಾನು ಬಡಿಸುವಾಗ ಎಣಿಸಿದೆ. ತಂಬುಳಿಗೆ ಒಂದು ಸಲ ಅನ್ನ, ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ. ಪ್ರತಿ ಸಲ 'ಸ್ವಲ್ಪ ಸಾಕು' ಅನ್ನುತ್ತಾರೆ. ಸ್ವಲ್ಪ ಸ್ವಲ್ಪ ಸೇರಿ ನಾಲ್ಕು ಸೌಟು ಆಯಿತು. ಮರುದಿನದಿಂದ ಎಲೆಗೆ ಮೊದಲು ಪಲ್ಯ, ಕೋಸಂಬರಿ ಜಾಸ್ತಿ ಹಾಕಿದೆ. ಅನ್ನ ಎರಡೇ ಸಲ. ತಂಬುಳಿ ಲೋಟಕ್ಕೆ ಕೊಟ್ಟೆ, ಕುಡಿಯಲಿ ಅಂತ. ಒಂದೆಲಗದ್ದೋ ದೊಡ್ಡಪತ್ರೆಯದ್ದೋ, ಕುಡಿದರೂ ರುಚಿಯೇ. ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ರೂಢಿಯಾಯಿತು.

ಬಿಪಿಗೆ ಉಪ್ಪು ನೋಡಿ. ದಿನಕ್ಕೆ 5 ಗ್ರಾಂ ಒಳಗಿರಬೇಕಂತೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಅಪ್ಪೆಮಿಡಿ ಭರಣಿ ತೆಗೆದು ಒಳಗೆ ನೋಡಿ. ಮಿಡಿ ಸುರುಟುವುದೇ ಉಪ್ಪಿನಲ್ಲಿ ಕೂತು. ನಮ್ಮಲ್ಲಿ ಊಟಕ್ಕೆ ಒಂದು ಮಿಡಿ, ಅದರ ರಸ ಅನ್ನಕ್ಕೆ ಕಲಸಿ, ಮಜ್ಜಿಗೆಗೆ ಇನ್ನೊಂದು. ಜೊತೆಗೆ ಹಲಸಿನ ಹಪ್ಪಳ. ಮಳೆಗಾಲದಲ್ಲಿ ಹಪ್ಪಳ ಬೇಡ ಅನ್ನುವ ಧೈರ್ಯ ನನಗಿಲ್ಲ. ಆದರೆ ಭರಣಿಯನ್ನು ಊಟದ ಕೋಣೆಯಿಂದ ಅಟ್ಟಕ್ಕೆ ಸಾಗಿಸಿದೆ. ಬೇಕು ಅಂದರೆ ಏಣಿ ಹತ್ತಲಿ.

ತುಂಗೆ ದಂಡೆ:

ನಡಿಗೆ ಬಗ್ಗೆ ಎರಡು ಮಾತು. ಶಿವಮೊಗ್ಗದಲ್ಲಿ ನಮಗೆ ಫ್ರೀಡಂ ಪಾರ್ಕ್ ಇದೆ, ನಿಮ್ಮ ಕಡೆ ಮಳೆ ಹಿಡಿದರೆ ನಾಲ್ಕು ತಿಂಗಳು ಬಿಡುವುದಿಲ್ಲ. ತೋಟದ ಕಾಲುದಾರಿಯಲ್ಲಿ ನಡೆಯಿರಿ ಅಂದರೆ ಇಂಬಳ ಹತ್ತಿ ಕಾಲೆಲ್ಲ ರಕ್ತ. ನನ್ನ ಭಾವ ಕೊಪ್ಪದವರು, ಅವರು ಮಾಡಿದ ಉಪಾಯ ಹೇಳುತ್ತೇನೆ. ಅವರ ಮನೆ ಜಗಲಿ ಈ ತುದಿಯಿಂದ ಆ ತುದಿಗೆ 22 ಹೆಜ್ಜೆ. ರೇಡಿಯೋದಲ್ಲಿ ವಾರ್ತೆ ಶುರುವಾದ ಕೂಡಲೇ ನಡೆಯಲು ಶುರು ಮಾಡುತ್ತಾರೆ, ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು. ಮೊದಮೊದಲು ನಾಯಿ ಬೊಗಳುತ್ತಿತ್ತು, ಈಗ ಅದೂ ಹಿಂದೆ ಹಿಂದೆ ನಡೆಯುತ್ತದೆ. ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಅಷ್ಟು ಬಿರುಸು ಸಾಕು.

ತೋಟದಂಚು: (ಸೆಪ್ಟೆಂಬರ್ ಕೊನೆ)

ಮೂರು ತಿಂಗಳಾಯಿತು. ಕೇಳಿ ಓಡಿ ಹೋದವನು ಅಂದುಕೊಂಡಿರಬೇಕು ನೀವೆಲ್ಲ.

ಜುಲೈ ಮೊದಲ ವಾರ ರಕ್ತ ಕೊಟ್ಟೆ. ಖಾಲಿ ಹೊಟ್ಟೆ 112, ಎಚ್‌ಬಿಎ1ಸಿ 6.1. ಗಡಿ ಮೇಲೆಯೇ ಇದ್ದೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ನೋಡೋಣ ಅಂದರು. ಬಿಪಿ ನಾಲ್ಕು ಸಲ ನೋಡಿಸಿದೆ, ಸುಮ್ಮನೆ ಕೂತು, ಪಾದ ಊರಿ. 138/88ರ ಆಸುಪಾಸು. ಶಿಬಿರದ ದಿನದಷ್ಟು ಇಲ್ಲ, ಹಾಗಂತ ಸಂತೋಷಪಡುವಷ್ಟು ಕಮ್ಮಿಯೂ ಇಲ್ಲ.

ಸೊಂಟ ಮನೆಯಲ್ಲಿ ಅಳೆದಾಗ 96 ಇತ್ತು. ಪಂಚೆ ಗಂಟಿಗೆ ಎರಡು ಸೆಂಟಿಮೀಟರ್! ಹೆಂಡತಿಯ ಹೊಲಿಗೆ ಡಬ್ಬಿಯ ಟೇಪು, ಭಾನುವಾರ ಬೆಳಿಗ್ಗೆ, ಬಚ್ಚಲೊಲೆಗೆ ಬೆಂಕಿ ಹಾಕಿ ನೀರು ಕಾಯುವ ಹೊತ್ತು. ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಈಗ 93. ನಡುವೆ ಗಣೇಶನ ಹಬ್ಬದ ವಾರ ಮತ್ತೆ 95 ಆಗಿತ್ತು. ಆ ಭಾನುವಾರ ಬೇಕಂತಲೇ ಬಚ್ಚಲಿಗೆ ತಡವಾಗಿ ಹೋದೆ, ಬಿಡಲಿಲ್ಲ.

ನಡಿಗೆ ಜಗಲಿಯಲ್ಲೇ. ನಮ್ಮದು 17 ಹೆಜ್ಜೆ, ಬೇಗ ಬೇಗ ತಿರುಗಬೇಕು, ಮೊದಲ ವಾರ ತಲೆ ಸುತ್ತಿತು. ಆಮೇಲೆ ಅಡಿಕೆ ಒಣಗಿಸುವ ಅಂಗಳದ ಚಪ್ಪರಕ್ಕೆ ಬದಲಾಯಿಸಿದೆ. ಕೊಯ್ಲು ಶುರುವಾದರೆ ಅಲ್ಲೂ ಜಾಗ ಇರುವುದಿಲ್ಲ. ಆದರೆ ಅಷ್ಟರಲ್ಲಿ ಮಳೆ ಬಿಟ್ಟಿರುತ್ತದೆ, ತೋಟಕ್ಕೆ ಬೈಕು ಬಿಟ್ಟು ಹೋಗಬಹುದು. ವಾರಕ್ಕೆ ನಾಲ್ಕು ದಿನ ಆಗುತ್ತದೆ, ಐದು ಅಂತ ಸುಳ್ಳು ಹೇಳುವುದಿಲ್ಲ. ಸಾಗರದ ತಂಗಿ ಹೇಳಿದ ಹಾಗೆ ಅನ್ನ ಎರಡು ಸಲ. ಭರಣಿ ಮಾತ್ರ ಅಟ್ಟ ಹತ್ತಿಲ್ಲ.

ಕವಳ: ಹೊಗೆಸೊಪ್ಪು ಬಿಟ್ಟು ಏಳು ವಾರ. ಮೊದಲ ಹತ್ತು ದಿನ ಯಾರ ಜೊತೆ ಮಾತಾಡಿದರೂ ಜಗಳ. ಸೊಸೈಟಿಯಲ್ಲಿ ಒಂದು ಲೆಡ್ಜರ್ ಪೂರ್ತಿ ತಪ್ಪು ಕೂಡಿಸಿದ್ದೆ. ಎಲೆ ಅಡಿಕೆ ಇನ್ನೂ ದಿನಕ್ಕೆ ಎರಡು ಮೂರು ಇದೆ. ಅದನ್ನು ಬೆಳೆದು, ಅದರ ಲೆಕ್ಕ ಬರೆದು, ಅದನ್ನೇ ತಿನ್ನಬೇಡ ಅಂದರೆ ಒಳಗೆ ಏನೋ ಹಿಂಡಿದ ಹಾಗಾಗುತ್ತದೆ ಸಿಸ್ಟರ್. ಟಾರ್ಚ್ ಬಿಟ್ಟು ನೋಡಿಕೊಂಡೆ, ಮಚ್ಚೆ ಇಲ್ಲ. ದಂತ ವೈದ್ಯರಿಗೂ ತೋರಿಸಿ ಬಂದೆ. ಮೊನ್ನೆ ಎಚ್‌ಬಿಎ1ಸಿ ಮತ್ತೆ ಮಾಡಿಸಿದೆ, 5.9.

ಈಗ ಕೇಳಬೇಕಾದದ್ದು ಬೇರೆಯೇ ಇದೆ. ಹೋದ ಭಾನುವಾರ ನನ್ನ ಸೊಂಟ ಬರೆದಾದ ಮೇಲೆ ಹೆಂಡತಿ ಟೇಪು ನನ್ನ ಕೈಗೆ ಕೊಟ್ಟು 'ಇನ್ನು ನಂದು ನೋಡಿ' ಅಂದಳು. ಆಗಲೇ ಹೊಳೆದದ್ದು. ಶಿಬಿರದ ದಿನ ಅವಳೂ ಸೊಸೈಟಿಯಲ್ಲೇ ಇದ್ದಳು. ಕೆಳಗೆ ಸ್ವಸಹಾಯ ಸಂಘದವರ ಜೊತೆ ಬಂದವರಿಗೆಲ್ಲ ಕಾಫಿ ಮಾಡುತ್ತಿದ್ದಳು. ಸದಸ್ಯತ್ವ ನನ್ನ ಹೆಸರಲ್ಲಿ, ಅವಳನ್ನು ಯಾರೂ ಮೇಲೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

87 ಇದೆ. ವಯಸ್ಸು 44. ಅವಳ ಅಪ್ಪ ಅಮ್ಮ ಇಬ್ಬರಿಗೂ ಶುಗರ್. ಕೂತು ಲೆಕ್ಕ ಹಾಕಿದೆ: ವಯಸ್ಸಿಗೆ 20, ಹೆಂಗಸರಿಗೆ 80 ದಾಟಿದ್ದರಿಂದ ಸೊಂಟಕ್ಕೆ 10, ಅಪ್ಪ ಅಮ್ಮನದ್ದು 20. ಓಡಾಟದ ಸಾಲಿಗೆ ಬಂದು ಪೆನ್ನು ನಿಂತಿತು. ಬೆಳಿಗ್ಗೆ ಐದಕ್ಕೆ ಎದ್ದರೆ ಕೊಟ್ಟಿಗೆ, ಸಗಣಿ, ಸೊಪ್ಪು, ಅಡುಗೆ, ಮತ್ತೆ ಕೊಟ್ಟಿಗೆ. ರಾತ್ರಿ ಹತ್ತರವರೆಗೂ ಕೂರುವುದಿಲ್ಲ. ವ್ಯಾಯಾಮ ಅಂತ ಒಂದು ದಿನವೂ ಮಾಡಿದವಳಲ್ಲ. 30 ಹಾಕಬೇಕಾ, 20 ಹಾಕಬೇಕಾ?

ಉಪಕೇಂದ್ರದ ಸಿಸ್ಟರ್:

ಕೊಟ್ಟಿಗೆ ಕೆಲಸ ಮೈಮುರಿಯುವ ಕೆಲಸವೇ ಸರ್, 20 ಹಾಕಿ. ಆದರೂ 70 ಆಯಿತು, ಶಿಬಿರದಲ್ಲಿ ನಿಮಗೆ ಬಂದಷ್ಟೇ. ಸೋಮವಾರ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ರಕ್ತ ಕಮ್ಮಿ ಇದೆಯಾ ಅಂತಲೂ ನೋಡಿಸಿ, ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಎಚ್‌ಬಿಎ1ಸಿ ತಪ್ಪು ತೋರಿಸಬಹುದು. ಬಚ್ಚಲೊಲೆ ಸೌದೆಯದ್ದಲ್ವಾ? ಆ ಹೊಗೆ ಬಗ್ಗೆಯೂ ಆಶಾ ಅಕ್ಕನ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ. ಕೆಮ್ಮು ಇದೆಯಾ ಅಂತ ನೀವು ಹೇಳಬೇಡಿ, ಅವರನ್ನೇ ಕೇಳಿ ಬರೆಯಿರಿ.

ತೋಟದಂಚು:

ಕೇಳಿದೆ. 'ಮಳೆಗಾಲ ಪೂರ್ತಿ ಇತ್ತಲ್ಲ, ನಿಮಗೆ ಕೇಳಿಸ್ಲಿಲ್ವಾ?' ಅಂದಳು.

ಸೋಮವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಕೊಟ್ಟಿಗೆ ಅವತ್ತು ನಂದು.